ಮಾಳಿಗಿ ಅಳಿಯ

ಹುಣಸಿದೊಡ್ಡಿಯಲ್ಲಿ ಯಮನೂರಪ್ಪನಿಗೆ ಎರಡು ಹೆಸರಿದ್ದವು. ಎದುರಿಗೆ ‘ಪ್ರೊಫೆಸರ್ ಸಾಹೇಬ್ರು’, ಬೆನ್ನ ಹಿಂದೆ ‘ಮಾಳಿಗಿ ಅಳಿಯ’. ಹೆಚ್ಚು ಚಲಾವಣೆಯಲ್ಲಿದ್ದದ್ದು ಎರಡನೆಯದೇ. ಇಟ್ಟವನು ಬೇರೆ ಯಾರೂ ಅಲ್ಲ, ಅವನ ಹೆಂಡತಿ ಅಮರಮ್ಮನ ಸ್ವಂತ ತಮ್ಮ ಬಾಲಪ್ಪ. ಇಡದೆ ಇನ್ನೇನು ಮಾಡಿಯಾನು? ಅತ್ತೆಮನೆಗೆ ಬಂದ ಅಳಿಯ, ಪಡಸಾಲೆಯಲ್ಲಿ ಹಾಸಿಟ್ಟ ಹೊಸ ಕೌದಿಯನ್ನು ಬಿಟ್ಟು, ಚಾಪೆ ಸುತ್ತಿಕೊಂಡು ಏಣಿ ಹತ್ತಿ ಮಾಳಿಗೆಯ ಮೇಲೆ ಮಲಗುತ್ತಿದ್ದ. ಬೇಸಿಗೆಯಾದರೆ ಸರಿ, ಊರೆಲ್ಲ ಮಾಳಿಗೆಯ ಮೇಲೇ ಮಲಗುತ್ತದೆ. ಈ ಮಹಾರಾಯ ಮಳೆಗಾಲದಲ್ಲೂ ತಾಡಪತ್ರಿ ಹೊದ್ದುಕೊಂಡು ಅಲ್ಲೇ. ಅತ್ತೆ ತಿಮ್ಮವ್ವ, “ನನ್ನ ಮನಿ ಸೂರು ಸೋರತೈತಿ ಅಂತ ಮಂದಿ ತಿಳ್ಕೋತಾರ” ಎಂದು ಅತ್ತದ್ದೂ ಉಂಟು.

ಪುಟ್ಟ ಹಳ್ಳಿಯಂಥ ಈ ದೊಡ್ಡಿ ಇದ್ದದ್ದು ತುರ್ವಿಹಾಳದ ದಾರಿಯಲ್ಲಿ, ಕಾಲುವೆಯ ಒಡ್ಡಿನ ಬುಡಕ್ಕೆ ಅಂಟಿಕೊಂಡು. ಒಡ್ಡಿನ ಮೇಲೆ ಎಮ್ಮೆ ನಡೆದರೆ ಅದರ ಕಾಲು ತಿಮ್ಮವ್ವನ ಮಾಳಿಗೆಯ ಮಟ್ಟಕ್ಕೆ ಕಾಣುತ್ತಿತ್ತು. ಅಂದರೆ ನೀರು ಹರಿಯುತ್ತಿದ್ದದ್ದು ಕೆಳಗಿನವರ ತಲೆಯ ಮೇಲೆ. ದೊಡ್ಡಿಯವರಿಗೆ ಅದು ಅನ್ನ ಕೊಡುವ ತಾಯಿ. ಯಮನೂರಪ್ಪನಿಗೆ ಮಾತ್ರ ಅದನ್ನು ಕಂಡರೆ ನಾಲಿಗೆ ಒಣಗುತ್ತಿತ್ತು. ಬಸ್ಸು ಲಿಂಗಸುಗೂರು ದಾಟಿ ಮಸ್ಕಿಗೆ ಬರುವತನಕ ಒಂದೇ ಸಮನೆ ಮಾತಾಡುವವನು, ಸಿಂಧನೂರಿನ ಹತ್ತಿರ ಗದ್ದೆಯ ಹಸಿರು ಕಂಡೊಡನೆ ಸುಮ್ಮನಾಗಿಬಿಡುತ್ತಿದ್ದ. ಪಕ್ಕದಲ್ಲಿ ಕುಳಿತ ಅಮರಮ್ಮನಿಗೆ ಅದರ ಕಾರಣ ಗೊತ್ತಿತ್ತು. ಅವಳಿಗೊಬ್ಬಳಿಗೇ.

ಅವನು ಪಾಮನಕಲ್ಲೂರಿನ ಕುರಿ ಕಾಯುವವರ ಮಗ. ನೀರಿಗಾಗಿ ಮುಗಿಲು ನೋಡುವ ಊರು ಅದು. ಲಿಂಗಸುಗೂರಿನಲ್ಲಿ ಮೆಟ್ರಿಕ್ ಪಾಸಾಗಿ ಸೈನ್ಯದ ಇಂಜಿನಿಯರ್ ಪಡೆ ಸೇರಿದ. ಸೇತುವೆ ಕಟ್ಟಿದ, ನೆಲದೊಳಗೆ ಹೂತಿಟ್ಟ ಸಿಡಿಮದ್ದು ಕಿತ್ತ, ಎಪ್ಪತ್ತೊಂದರ ಯುದ್ಧಕ್ಕೆ ಹೋಗಿ ಬಲಗಿವಿಯನ್ನು ಅಲ್ಲೇ ಬಿಟ್ಟು ಬಂದ. ಆಮೇಲೆ ಮೀಸೆ ಚಿಗುರದ ಹುಡುಗರ ಪಕ್ಕ ಕುಳಿತು ಬಿ.ಇ. ಓದಿದ, ಮೇಲಿನ ಓದನ್ನೂ ಓದಿದ, ಕಾಲೇಜಿನಲ್ಲಿ ಮಣ್ಣಿನ ಪಾಠ ಹೇಳುವ ಪ್ರೊಫೆಸರನಾದ. ಹವಾಲ್ದಾರನಾಗಿ ಸೈನ್ಯ ಬಿಟ್ಟವನನ್ನು ಹುಡುಗರು ‘ಮೇಜರ್’ ಎಂದು ಕರೆದರೆ ಬೇಡ ಅನ್ನುತ್ತಿರಲಿಲ್ಲ, ಅಷ್ಟು ಆಸೆ ಅವನಿಗೂ ಇತ್ತು. ಪ್ರತಿ ವರ್ಷ ಮೊದಲ ಕ್ಲಾಸಿಗೆ ಎರಡು ಗಾಜಿನ ಲೋಟ ಒಯ್ಯುತ್ತಿದ್ದ, ಒಂದರಲ್ಲಿ ತಿಳಿನೀರು, ಇನ್ನೊಂದರಲ್ಲಿ ರಾಡಿ. “ಒಡ್ಡಿನ ಬುಡಕ್ಕ ತಿಳಿನೀರು ಜಿನುಗಿದ್ರ ಅದು ಒಡ್ಡಿನ ಬೆವರು, ಹೆದರಬ್ಯಾಡ್ರಿ. ಹೊಟ್ಟ್ಯಾಗಿನ ಮಣ್ಣು ಕಲಸ್ಕೊಂಡು ಬಂತೋ, ಪುಸ್ತಕ ಮುಚ್ಚಿ ಓಡ್ರಿ” ಎನ್ನುತ್ತಿದ್ದ. ಹುಡುಗರು ನಗುತ್ತಿದ್ದರು.

ಅವನು ನಗುತ್ತಿರಲಿಲ್ಲ. ಗಡಿಯಲ್ಲಿ ಅವನ ಟುಕಡಿ ಒಂದು ಕಾಲುವೆಯ ಒಡ್ಡಿನ ಕೆಳಗೆ ಕಂದಕ ತೋಡಿ ಕುಳಿತಿತ್ತಂತೆ. ಸಂಜೆ ಒಡ್ಡಿಗೆ ಒಂದು ತೋಪಿನ ಗುಂಡು ಬಿತ್ತು, ಏನೂ ಆಗಲಿಲ್ಲ. ಬೆಳಗಿನ ಹೊತ್ತಿಗೆ ಕಂದಕದೊಳಗೆ ನೀರು ಸೋರತೊಡಗಿತು, ಚಹದ ಬಣ್ಣದ ನೀರು. ‘ಸರಕಾರ ಚಹ ಕಳಿಸೈತಿ’ ಎಂದು ಎಲ್ಲರೂ ನಕ್ಕರು, ಇವನೂ ನಕ್ಕ. ತಂತಿ ಎಳೆಯಲು ಇವನು ಒಡ್ಡಿನ ಮೇಲೆ ಹತ್ತಿದ, ಅಷ್ಟರಲ್ಲಿ ಒಡ್ಡು ಒಡೆಯಿತು, ಕೆಳಗೆ ಇದ್ದವರು ಕೆಳಗೇ ಉಳಿದರು. ಈ ಮಾತನ್ನು ಅವನು ಹೆಂಡತಿಗೆ ಒಮ್ಮೆ ಮಾತ್ರ ಹೇಳಿದ್ದ, ಅದೂ ಗೋಡೆಯ ಕಡೆ ಮುಖ ಮಾಡಿ.

ಅಮರಮ್ಮನಿಗೂ ಒಂದು ಭಯ ಇತ್ತು, ಅದು ಬೇರೆ ಜಾತಿಯದು. ಯುದ್ಧದ ಆ ಚಳಿಗಾಲ ಅವಳು ಗಂಡನ ಊರಲ್ಲಿ ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಒಲೆ ಬಿಟ್ಟು ಹಿತ್ತಲಿಗೆ ಓಡುತ್ತಿದ್ದಳು. ಆಗಲೇ ದೇವರಿಗೆ ಮಾತು ಕೊಟ್ಟಿದ್ದಳು: ಇವರೊಬ್ಬರು ತಿರುಗಿ ಬರಲಿ, ನನ್ನ ಬಾಯಿಂದ ಒಂದು ಕೆಟ್ಟ ಮಾತು ಬೀಳುವುದಿಲ್ಲ. ಬಂದ. ಅಂದಿನಿಂದ ಅವಳ ಮನೆಯಲ್ಲಿ ದೀಪ ‘ಆರು’ತ್ತಿರಲಿಲ್ಲ, ‘ದೊಡ್ಡದಾಗು’ತ್ತಿತ್ತು. ಅಕ್ಕಿ ‘ತೀರು’ತ್ತಿರಲಿಲ್ಲ, ‘ತುಂಬು’ತ್ತಿತ್ತು. ಬಳೆ ಒಡೆದರೆ ‘ಹೆಚ್ಚಿದವು’ ಎನ್ನುತ್ತಿದ್ದಳು. ಎಲ್ಲ ಹೆಂಗಸರೂ ಹಾಗೇ ಅನ್ನುತ್ತಾರೆ ಬಿಡಿ, ಆದರೆ ಅಮರಮ್ಮ ಅನ್ನುವಾಗ ಎದೆ ಹಿಡಿದುಕೊಂಡು ಅನ್ನುತ್ತಿದ್ದಳು. ಮಕ್ಕಳಾಗಲಿಲ್ಲ. ಇದ್ದದ್ದು ಇವರೊಬ್ಬರು.

ಎಂಬತ್ತನಾಲ್ಕರಲ್ಲಿ ಬಾಲಪ್ಪನ ಮಗನ ತೊಟ್ಟಿಲ ಕಾರ್ಯಕ್ಕೆ ಬಂದಾಗ ಒಂದು ಫಜೀತಿ ಆಯಿತು. ಒಡ್ಡಿನ ಬುಡದಲ್ಲಿ ನೀರು ಜಿನುಗುವುದನ್ನು ಕಂಡದ್ದೇ ಯಮನೂರಪ್ಪ ಕೂಗಾಡಿ, ಬಾಣಂತಿಯನ್ನೂ ಬಿಡದೆ, ಇಡೀ ದೊಡ್ಡಿಯನ್ನು ಹನುಮಪ್ಪನ ಗುಡಿಯ ದಿಬ್ಬಕ್ಕೆ ಹತ್ತಿಸಿದ. ಸಂಜೆಯತನಕ ಕೂತರು. ಒಡ್ಡು ಕೂತ ಜಾಗದಲ್ಲೇ ಕೂತಿತ್ತು. ಒಲೆಯ ಮೇಲಿನ ಬೇಳೆ ಹೊತ್ತಿತು, ಅನ್ನವನ್ನು ನಾಯಿ ತಿಂದವು. ಆಮೇಲೆ ಅವನೇ ಹೋಗಿ ಬೊಗಸೆಯಲ್ಲಿ ನೀರು ಹಿಡಿದು ನೋಡಿದ, ಕನ್ನಡಿಯಂಥ ತಿಳಿನೀರು! ಸ್ವಂತ ಪಾಠ ಸ್ವಂತಕ್ಕೇ ನೆನಪಾಗಲಿಲ್ಲ. ಆವತ್ತಿನಿಂದ ದೊಡ್ಡಿಯವರು ಅವನ ಮಾತು ನಂಬುವುದನ್ನು ಬಿಟ್ಟರು. ಅದಕ್ಕಿಂತ ಕೆಟ್ಟದ್ದೆಂದರೆ, ಅವನು ತನ್ನನ್ನು ತಾನೇ ನಂಬುವುದನ್ನು ಬಿಟ್ಟ.

ತೊಂಬತ್ತೊಂದರ ಶ್ರಾವಣ. ಅಮರಮ್ಮ ಪಂಚಮಿಗೆ ತವರಿಗೆ ಬಂದಿದ್ದಳು, ಗಂಡನೂ ಜೊತೆಗೆ. ದೊಡ್ಡಿಯ ಹೆಣ್ಣುಮಕ್ಕಳೆಲ್ಲ ತವರು ಸೇರಿದ್ದರು, ಒಂದೊಂದು ಮನೆಯಲ್ಲಿ ಮಕ್ಕಳ ಸಂತೆ. ಒಡ್ಡಿನ ಬುಡದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಕಾಲುವೆ ದಂಡೆಯ ಮಟ್ಟಕ್ಕೆ ತುಂಬಿ, ಮೇಲಿನ ಸೀಮೆಯ ಕೆಂಪು ಮಣ್ಣು ಹೊತ್ತು ಕುಂಕುಮ ಕಲಸಿದ ಹಾಗೆ ಹರಿಯುತ್ತಿತ್ತು.

ಹಬ್ಬದ ಮರುದಿನ ಬೆಳಿಗ್ಗೆ ಬಳೆ ಮಾರುವ ಮೆಹರಬಾನು ತಿಮ್ಮವ್ವನ ಕಟ್ಟೆಯ ಮೇಲೆ ಕುಳಿತು ಅಮರಮ್ಮನ ಕೈಗೆ ಹಸಿರು ಬಳೆ ಏರಿಸಿ ಮುಗಿಸಿದ್ದಳಷ್ಟೆ. ಯಮನೂರಪ್ಪ ಕೈಯಲ್ಲೊಂದು ಲೋಟ ಹಿಡಿದು ಬಂದ. ಪ್ಯಾಂಟು ಮೊಣಕಾಲತನಕ ಕೆಸರು.

“ಅಮರಾ, ಒಂಚೂರು ಒಳಗ ಬಾ.”

ಒಳಗೆ ಹೋದಳು. ಅವನು ಲೋಟ ಮುಂದೆ ಹಿಡಿದ.

“ಇದರಾಗ ಏನ್ ಕಾಣತೈತಿ? ನನ್ನ ಕೇಳಬ್ಯಾಡ. ನನ್ನ ಕಣ್ಣು ನಂಬೂವಂಗಿಲ್ಲ. ನೀನ ನೋಡಿ ಹೇಳು.”

“ಕರ್ರಗ ಐತ್ರಿ. ಗಟಾರದ ನೀರೇನು?”

“ಒಡ್ಡಿನ ಬುಡದಾಗ ಹಿಡದೀನಿ. ಕಾಲುವಿ ನೀರು ಯಾವ ಬಣ್ಣ ಐತಿ?”

“ಕೆಂಪು.”

“ಕೆಂಪು ನೀರು ಒಳಗ ಹೋಗಿ ಕರೇ ನೀರು ಹೊರಗ ಬರಾಕತ್ತೈತಿ. ಒಡ್ಡಿನ ಹೊಟ್ಟ್ಯಾಗ ಕರೇ ಎರಿ ಮಣ್ಣು ಐತಿ ಅಮರಾ. ಅದು ಕರಗಿ ಬರಾಕತ್ತೈತಿ.”

ನಿಜವಾಗಿಯೂ ಒಡ್ಡು ಕರಗುತ್ತಿದೆಯೋ, ಇವರ ತಲೆ ಮತ್ತೆ ಆ ಕಂದಕಕ್ಕೆ ಹೋಗಿದೆಯೋ? ಯಾವುದಕ್ಕೆ ಹೆದರಬೇಕೆಂದೂ ಅವಳಿಗೆ ತಿಳಿಯಲಿಲ್ಲ. ತಾನೇ ಹೋಗಿ ನೋಡಿದಳು. ಬಾಲಪ್ಪನ ಗದ್ದೆಯ ಮೂಲೆಗೆ, ಹುಲ್ಲಿನ ಮರೆಯಲ್ಲಿ, ತೋಳಿನ ಗಾತ್ರದ ನೀರು ಸದ್ದಿಲ್ಲದೆ ಹೊರಗೆ ಬರುತ್ತಿತ್ತು. ಕಾಡಿಗೆಯಂಥ ನೀರು. ಅವಳು ನೋಡುತ್ತಿದ್ದ ಹಾಗೇ ಅದರೊಳಗಿಂದ ಕೊಳೆತ ಭತ್ತದ ಹುಲ್ಲಿನ ಒಂದು ಎಳೆ ಹೊರಬಂತು, ಹಿಂದೆ ಇನ್ನೊಂದು.

“ಒಡ್ಡಿನೊಳಗ ನೆಲ್ಲಿನ ಹುಲ್ಲು ಎಲ್ಲಿಂದ ಬಂತ್ರಿ?” ಎಂದಳು. ಯಮನೂರಪ್ಪ ಹೋಗಿ ಬಾಲಪ್ಪನನ್ನು ಕೈ ಹಿಡಿದು ಕರೆತಂದ.

ಬಾಲಪ್ಪ ಮೊದಲು ಜಗಳಕ್ಕೆ ನಿಂತ. ಆಮೇಲೆ ನೀರು ನೋಡಿದ, ಹುಲ್ಲು ನೋಡಿದ, ಮುಖ ಬಿಳಿಚಿಕೊಂಡಿತು. “ಮೇ ತಿಂಗಳು ಕಾಲುವಿ ಬಂದ್ ಇತ್ತಲ್ಲ ಮಾವಾ, ಆವಾಗ ಒಡ್ಡು ಕೊರದು ಒಂದು ಪೈಪ್ ಹಾಕೀನಿ. ಎಲ್ಲಾರೂ ಹಾಕ್ಯಾರ, ನಾನೊಬ್ಬನ ಏನಲ್ಲ.”

“ಪೈಪಿನ ಸುತ್ತ ಏನ್ ತುಂಬೀದಿ?”

“ಮಣ್ಣಿಗೆ ಹುಲ್ಲು ಕಲಸಿ ತುಂಬೀನಿ. ಮನಿ ಗ್ವಾಡಿಗೆ ಹುಲ್ಲು ಹಾಕಂಗಿಲ್ಲೇನು? ಗಟ್ಟಿ ಹಿಡೀತೈತಿ ಅಂತ…”

“ಬಿಸಲಾಗಿನ ಗ್ವಾಡಿಗೆ ಹುಲ್ಲು ಸೈ. ನೀರಾಗ ಹುಲ್ಲು ಕೊಳೀತೈತಲೇ ಬಾಲ್ಯಾ!” ಯಮನೂರಪ್ಪನ ದನಿ ಬಿರಿಯಿತು. “ಕೊಳತು ದಾರಿ ಆಗೈತಿ. ಜಲ್ದಿ ಸೈಕಲ್ ತಗೊಂಡು ಕಾಲುವಿ ಗೇಟು ಕಾಯೋ ಲಷ್ಕರನ ಹತ್ರ ಹೋಗು. ನೀರು ಇಳಸು ಅನ್ನು.”

ಬಾಲಪ್ಪ ಕದಲಲಿಲ್ಲ. “ಕೇಸ್ ಆಗತೈತಿ ಮಾವಾ. ಪೈಪ್ ಯಾರದು ಅಂತ ಕೇಳ್ತಾರ. ಜೇಲಿಗೆ ಹಾಕ್ತಾರ.”

“ಹೋಗ್ತೀಯೋ, ಇಲ್ಲೋ?”

“ಹೋಗ್ತೀನಿ, ಹೋಗ್ತೀನಿ” ಎಂದು ಮನೆಯ ಕಡೆ ನಡೆದ.

ಯಮನೂರಪ್ಪ ಗೊಬ್ಬರದ ಖಾಲಿ ಚೀಲಗಳನ್ನು ಹೆಗಲಿಗೆ ಹಾಕಿಕೊಂಡ. “ನಾ ಮ್ಯಾಲ ಹೋಗಿ ನೀರಿನ ಬದಿಗೆ ತೂತಿನ ಬಾಯಿ ಹುಡುಕಿ ಚೀಲ ತುರಕತೀನಿ. ಹಿಡದರ ಹಿಡೀತು. ನೀ ಮಂದೀನ ಗುಡಿ ದಿಬ್ಬಕ್ಕ ಹತ್ತಸು.”

“ನೀವೂ ಬರ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಮಂದಿ ಹತ್ತಿದ ಮ್ಯಾಲ ಬರ್ತೀನಿ. ಒಬ್ಬರು ಕೆಳಗ ಇದ್ರೂ ಬರಂಗಿಲ್ಲ. ಒಮ್ಮಿ ಮ್ಯಾಲ ನಿಂತು ನೋಡೀನಿ, ಇನ್ನೊಮ್ಮಿ ನನ್ನ ಕೈಲೆ ಆಗಂಗಿಲ್ಲ.”

ಹೇಳಿದ್ದನ್ನು ಮಾಡುವ ಗಂಡಸು. ಇದು ಅವಳಿಗೆ ಗೊತ್ತಿತ್ತು. ದೊಡ್ಡಿ ಬರಿದಾಗದೆ ಇವರು ಒಡ್ಡು ಬಿಡುವುದಿಲ್ಲ, ಒಡ್ಡು ಇವರಿಗಾಗಿ ಕಾಯುವುದಿಲ್ಲ.

ಓಡಿದಳು. ಮನೆ ಮನೆಯ ಬಾಗಿಲಲ್ಲಿ ನಿಂತು ಕೂಗಿದಳು. “ಒಡ್ಡು ಒಡೆ…” ಎನ್ನುವಷ್ಟರಲ್ಲಿ ಅಭ್ಯಾಸಬಲದಿಂದ ನಾಲಿಗೆ ಕಚ್ಚಿಕೊಂಡು, “ಒಡ್ಡು ಹೆಚ್ಚಾಕತ್ತೈತಿ, ಗುಡಿ ದಿಬ್ಬಕ್ಕ ನಡೀರಿ” ಎಂದಳು. ಹಾಗಂದರೆ ಯಾರಿಗೆ ಹೆದರಿಕೆ ಬಂದೀತು? ಹಬ್ಬದ ಉಂಡಿ ತಿನ್ನುತ್ತ ಕುಳಿತವರು ಬಾಯಿ ತುಂಬ ನಕ್ಕರು. “ಮಾಳಿಗಿ ಅಳಿಯಗ ಮತ್ತ ನೀರು ಕಂಡೈತೇನವಾ? ಹೋದಸಲದ ಬ್ಯಾಳಿ ಇನ್ನೂ ಹೊತ್ತಿದ ವಾಸನಿ ಬರತೈತಿ.” ತಿಮ್ಮವ್ವ ಅಂತೂ ಮಗಳ ಬಾಯಿಗೆ ಕೈ ಅಡ್ಡ ಇಟ್ಟಳು: “ಹಬ್ಬದಾಗ ಅಪಶಕುನ ನುಡೀಬ್ಯಾಡ. ನಿನ್ನ ಗಂಡಗ ಲಿಂಬಿಹಣ್ಣು ಇಳಿ ತಗದು ಒಗೀತೀನಿ, ಸುಮ್ಮನಿರು.” ಜೋಕಾಲಿಯ ಹೆಣ್ಣುಮಕ್ಕಳು ಜೀಕಿದಾಗ ಅವರ ಸೀರೆಯ ಸೆರಗು ಒಡ್ಡಿನ ಹುಲ್ಲಿಗೆ ತಾಕುತ್ತಿತ್ತು.

ದನದ ಕೊಟ್ಟಿಗೆಯ ಮುಂದೆ ಬಾಲಪ್ಪನ ಸೈಕಲ್ಲು ನಿಂತಲ್ಲೇ ನಿಂತಿತ್ತು. ಬಾಲಪ್ಪ ಒಳಗೆ, ಮೇವಿನ ಹಿಂದೆ, ತಲೆ ಹಿಡಿದು ಕುಳಿತಿದ್ದ. ಗೇಟಿಗೆ ಯಾರೂ ಹೋಗಿರಲಿಲ್ಲ.

“ಹೋಗಿಲ್ಲೇನೋ ಪಾಪಿ!” ಎಂದು ಕಿರುಚಿ ಅವಳು ಒಡ್ಡಿನ ಕಡೆ ತಿರುಗಿದಳು. ಮೇಲೆ ಯಮನೂರಪ್ಪ ಎದೆಮಟ್ಟದ ನೀರಿನಲ್ಲಿ ಮುಳುಗುತ್ತ ಏಳುತ್ತ ಇದ್ದ. ಏಳುವಾಗೆಲ್ಲ ಕೆಳಗಿನ ಜೋಕಾಲಿಯ ಕಡೆ ಒಮ್ಮೆ ನೋಡುತ್ತಿದ್ದ, ಮತ್ತೆ ಮುಳುಗುತ್ತಿದ್ದ. ಬುಡದ ಕರಿನೀರು ಈಗ ತೊಡೆಯ ಗಾತ್ರ ಆಗಿತ್ತು. ಅದರ ಮೇಲಿನ ಮಣ್ಣು ತುಸು ಕುಸಿದು, ಹಲ್ಲಿಲ್ಲದ ಬಾಯಿಯಂತೆ ತೆರೆದಿತ್ತು.

ಅಮರಮ್ಮ ದಿಬ್ಬ ಹತ್ತಿದಳು. ಯಾಕೆ ಹತ್ತಿದಳೋ ಅವಳಿಗೇ ತಿಳಿಯಲಿಲ್ಲ. ಗುಡಿಯ ಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿದಳು. ಯಾರು ಕರೆದರೆ ಬಂದಾರು ಇವರು? ಊಟಕ್ಕೆ ಕರೆದರೂ ಮುನಿಸಿದ್ದವರು ಬರುವುದಿಲ್ಲ, ದೇವರ ಕೆಲಸಕ್ಕೆ ಕರೆದರೆ ಅರ್ಧ ಮಂದಿ ಬರುತ್ತಾರೆ. ಕರೆಯದೆಯೂ ಎಲ್ಲರೂ ಬರುವುದು ಒಂದಕ್ಕೇ. ಆ ಅಳು ಕಿವಿಗೆ ಬಿದ್ದರೆ ಉಣ್ಣುವ ತುತ್ತು ಕೆಳಗಿಟ್ಟು, ಹಗೆಯವರೂ ಓಡಿ ಬರುತ್ತಾರೆ. ಸತ್ತವರ ಮನೆಗೆ ಹೋಗದೆ ಕುಳಿತವರು ಈ ಸೀಮೆಯಲ್ಲಿ ಮನುಷ್ಯರ ಲೆಕ್ಕಕ್ಕಿಲ್ಲ.

ಬೇರೆ ಯಾರ ಹೆಸರಾದರೂ ಹೇಳಲೇ? ತಾಯಿ ಕೆಳಗೇ ಇದ್ದಾಳೆ, ತಮ್ಮ ಕೆಳಗೇ ಇದ್ದಾನೆ, ಸುಳ್ಳು ಎಂದು ತಕ್ಷಣ ಗೊತ್ತಾಗುತ್ತದೆ. ಒಡ್ಡಿನ ಆಚೆ ನೀರಿನಲ್ಲಿ ಮುಳುಗಿ, ಮಂದಿಯ ಕಣ್ಣಿಗೆ ಬೀಳದೆ ಇರುವವರು ಒಬ್ಬರೇ. ಇಪ್ಪತ್ತು ವರ್ಷ ಬಾಯಿ ಕಟ್ಟಿಕೊಂಡು ಕಾಯ್ದ ಮಾತು. ಆಡಿದ ಮಾತನ್ನು ದೇವರು ಹಿಡಿದುಬಿಟ್ಟರೆ? ಇವರು ಈಗಲೇ ನೀರಿನಲ್ಲಿದ್ದಾರೆ, ಈಗಲೇ ನಿಜವಾಗಿಬಿಟ್ಟರೆ?

“ಹನುಮಪ್ಪಾ, ಕಿವಿ ಮುಚ್ಕೋ” ಎಂದಳು.

ಎರಡೂ ಕೈಗಳನ್ನು ಗುಡಿಯ ಕಟ್ಟೆಗೆ ಅಪ್ಪಳಿಸಿದಳು. ಹಸಿರು ಬಳೆ ಚೂರುಚೂರಾದವು. ಅಂಗೈಯಿಂದ ಹಣೆಯ ಕುಂಕುಮ ಒರೆಸಿದಳು. ತುರುಬು ಬಿಚ್ಚಿ, ಎದೆ ಬಡಿದುಕೊಂಡು, ಒಮ್ಮೆಯೂ ಬಾಯಲ್ಲಿ ತೆಗೆಯದ ಹೆಸರನ್ನು ತೆಗೆದಳು.

“ಯಮನೂರಪ್ಪ ಹೋದ್ನಲ್ರೋ ಯಪ್ಪಾ… ನನ್ನ ದೊರಿ ಹೋದ್ನಲ್ರೆವ್ವಾ… ನನ್ನ ಮನಿ ಬೆಳಕು ಆರಿ ಹೋತಲ್ರೋ…”

ಮೊದಲ ಕೂಗು ಸುಳ್ಳಾಗಿತ್ತು. ಎರಡನೆಯದಕ್ಕೆ ಅವಳ ಕಣ್ಣಲ್ಲಿ ನೀರು ನಿಜವಾಗಿಯೇ ಬಂತು. ಮೂರನೆಯದರ ಹೊತ್ತಿಗೆ ಅವಳೇ ಅದನ್ನು ನಂಬಿದಳು, ಆ ಚಳಿಗಾಲದಲ್ಲಿ ಅಳದೆ ಉಳಿಸಿದ್ದ ಅಳುವೆಲ್ಲ ಹೊರಗೆ ಬಂತು.

ಜೋಕಾಲಿ ನಿಂತಿತು. ಆಮೇಲೆ ಮನೆ ಮನೆಯಿಂದ ಹೆಂಗಸರು ಬಾಯಿ ಬಡಿದುಕೊಳ್ಳುತ್ತ ಹೊರಬಿದ್ದರು, ಕಂಕುಳಲ್ಲಿ ಕೂಸು, ಹಿಂದೆ ಮಕ್ಕಳು. ಎಲೆಯ ಮುಂದೆ ಕುಳಿತವರು ಎಂಜಲು ಕೈಯಲ್ಲೇ ಎದ್ದರು. ಮೆಹರಬಾನು ಬಳೆಯ ಮಲಾರ ಹೊತ್ತುಕೊಂಡೇ ಓಡಿದಳು. ನಡೆಯಲಾಗದ ಮುದುಕಿಯರನ್ನು ಹೊತ್ತು ತಂದರು, ಸಾವಿಗೆ ಮುದುಕಿಯರಿಲ್ಲದಿದ್ದರೆ ಹೇಗೆ? ತಿಮ್ಮವ್ವ ದಿಬ್ಬದ ಅರ್ಧಕ್ಕೆ ಬಿದ್ದಳು, ಮತ್ತೆ ಎದ್ದಳು. “ಲಿಂಬಿಹಣ್ಣು ಇಳಿ ತಗೀತೀನಿ ಅಂದೆನಲ್ಲೇ ನನ್ನವ್ವಾ…” ಎನ್ನುತ್ತ ಮಗಳನ್ನು ತಬ್ಬಿದಳು. ಕೊನೆಯವನಾಗಿ ಬಾಲಪ್ಪ ಬಂದ. ಬಂದವನೇ ಅಕ್ಕನ ಕಾಲ ಮೇಲೆ ಬಿದ್ದು, ಎಲ್ಲರ ಎದುರಿಗೆ, “ನಾನ ಕೊಂದೆ ಯಕ್ಕಾ. ನನ್ನ ಪೈಪ್ ಕೊಂದಿತು ಮಾವನ್ನ. ಜೇಲಿಗೆ ಅಂಜಿ ಕುಂತೆ, ಗೇಟಿಗೆ ಹೋಗಲಿಲ್ಲ” ಎಂದು ನೆಲಕ್ಕೆ ಹಣೆ ಚಚ್ಚಿಕೊಂಡ.

ಅಮರಮ್ಮ ಯಾರನ್ನೂ ನೋಡುತ್ತಿರಲಿಲ್ಲ. ಅಳುತ್ತಲೇ ತಲೆ ಎಣಿಸುತ್ತಿದ್ದಳು. ಕೆಳಗೆ ಓಣಿ ಬರಿದಾಗಿತ್ತು, ಖಾಲಿ ಜೋಕಾಲಿ ತಾನೇ ತಾನಾಗಿ ತೂಗುತ್ತಿತ್ತು. ಈಗ ಬರ್ರಿ, ಈಗಲಾದರೂ ಬರ್ರಿ. ಒಡ್ಡಿನ ಕಡೆ ನೋಡಲು ಧೈರ್ಯ ಸಾಲದೆ ಕಣ್ಣು ಮುಚ್ಚಿಕೊಂಡಳು.

ಒಡ್ಡಿನ ತಲೆ ಹಿಡಿದು ಯಾರೋ ಓಡಿ ಬರುವ ಸದ್ದಾಯಿತು. ಮಂದಿ ಸರಿದು ದಾರಿ ಬಿಟ್ಟರು. ಅಡಿಯಿಂದ ಮುಡಿಯತನಕ ಕೆಂಪು ಕೆಸರು ಮೆತ್ತಿದ ಯಮನೂರಪ್ಪ ಏದುಸಿರು ಬಿಡುತ್ತ ನಡುವೆ ಬಂದು ನಿಂತ. ಕೇಳುವ ಒಂದೇ ಕಿವಿಯಲ್ಲಿ ನೀರು ತುಂಬಿತ್ತು. ಹೆಂಡತಿಯ ದನಿ ಕೇಳಿಸಿತ್ತು, ಮಾತು ಕೇಳಿಸಿರಲಿಲ್ಲ. ಆ ಅಳು ಯಾವ ಅಳು ಎಂದು ಮಾತ್ರ ಅವನಿಗೂ ಗೊತ್ತು, ಅವನೂ ಇದೇ ಸೀಮೆಯವನು. ಅಳು ಕೇಳಿ ಚೀಲ ಬಿಟ್ಟು, ಒಡ್ಡು ಬಿಟ್ಟು, ಎಲ್ಲರ ಹಾಗೆ ಅವನೂ ಓಡಿ ಬಂದಿದ್ದ.

“ಯಾರು?” ಎಂದ. “ಯಾರು ಹೋದ್ರು ಅಮರಾ?”

ಒಬ್ಬ ಮುದುಕಿ ಭೂತ ಕಂಡವಳಂತೆ ಕೂತಲ್ಲೇ ಹಿಂದೆ ಹಿಂದೆ ಸರಿದಳು. ಅವನು ಅತ್ತೆಯನ್ನು ನೋಡಿದ, ಇದ್ದಾಳೆ. ಬಾಲಪ್ಪನನ್ನು ನೋಡಿದ, ಇದ್ದಾನೆ. ಆಮೇಲೆ ಹೆಂಡತಿಯ ಬೋಳು ಕೈ ನೋಡಿದ, ಹಣೆ ನೋಡಿದ.

ಅಮರಮ್ಮ ಏನೋ ಹೇಳಲು ಬಾಯಿ ತೆರೆದಳು. ಆಗಲೇ ಹಿಂದೆ, ಕೆಸರಿನಿಂದ ದೊಡ್ಡ ಎಮ್ಮೆ ಎದ್ದಂಥ ಒಂದು ಸದ್ದಾಯಿತು. ಬಹಳ ಜೋರಿನದೇನೂ ಅಲ್ಲ. ಬಾಲಪ್ಪನ ಗದ್ದೆಯ ನೇರಕ್ಕೆ, ಯಮನೂರಪ್ಪ ಮುಳುಗಿ ಏಳುತ್ತಿದ್ದ ಜಾಗದಲ್ಲಿ, ಒಡ್ಡು ಮೆಲ್ಲಗೆ ಕುಳಿತಿತು. ಕುಳಿತ ಜಾಗದಿಂದ ಕಾಲುವೆ ಹೊರಗೆ ಬಂತು. ಬೇವಿನ ಮರ ಜೋಕಾಲಿಯ ಸಮೇತ ಮಲಗಿತು. ತಿಮ್ಮವ್ವನ ಮನೆಯ ಗೋಡೆ ನಿಂತಂತೇ ಕರಗಿ, ಮಾಳಿಗೆ ನೀರಿನ ಮೇಲೆ ಕುಸಿಯಿತು. ಕಟ್ಟಿದ ದನಗಳ ಕೂಗು ಸ್ವಲ್ಪ ಹೊತ್ತು ಕೇಳಿತು, ಆಮೇಲೆ ನಿಂತಿತು. ದಿಬ್ಬದ ಮೇಲಿನ ಮಂದಿಯಲ್ಲಿ ಈಗ ಯಾರೂ ಅಳುತ್ತಿರಲಿಲ್ಲ.

ಯಮನೂರಪ್ಪ ಆ ನೀರನ್ನು ನೋಡುತ್ತ ನಿಂತ. ಬಹಳ ಹೊತ್ತಿನ ಮೇಲೆ ತಿರುಗಿ ಮಂದಿಯನ್ನು ನೋಡಿದ, ಒಂದೊಂದೇ ಮುಖ, ಮಕ್ಕಳ ಮುಖ. ಎಲ್ಲರೂ ಇದ್ದರು. ಹೆಂಡತಿಯ ಪಕ್ಕ ಕುಸಿದು ಕುಳಿತ.

“ಯಾರು ಹೋದ್ರು ಅಂತ ಹೇಳಲಿಲ್ಲ” ಎಂದ.

“ನೀವ ರೀ” ಎಂದಳು ಅಮರಮ್ಮ. “ನೀವ ಹೋದ್ರಿ ಅಂದೆ. ನಿಮ್ಮ ಹೆಸರು ಹಿಡದು ಅಂದೆ.”

ಅವನು ನಗಲು ನೋಡಿದ, ಬಾಯಿ ಸೊಟ್ಟಗಾಯಿತೇ ವಿನಾ ನಗು ಬರಲಿಲ್ಲ. ಹುಡುಗನ ಹಾಗೆ ಅವಳ ಮಡಿಲಿಗೆ ತಲೆ ಇಟ್ಟು ಬಿಕ್ಕಿದ. “ಇದ್ದೀನಲ್ಲ ಹುಚ್ಚೀ” ಎಂದ.

“ಅಂದದ್ದು ಎಲ್ಲಿಗೆ ಹೋಗತೈತ್ರಿ? ಬಾಯಿಂದ ಬಿದ್ದದ್ದು?” ಅವಳ ಹಲ್ಲು ಕಟಕಟ ಅನ್ನುತ್ತಿದ್ದವು.

ಮೆಹರಬಾನು ಮಲಾರ ಬಿಚ್ಚಿ ಹತ್ತಿರ ಬಂದು ಕುಳಿತಳು. ಉಳಿದದ್ದರಲ್ಲಿ ಹಸಿರು ಬಳೆ ಆರಿಸಿ ಅಮರಮ್ಮನ ಕೈ ಹಿಡಿದಳು. “ಬಳಿ ಹೆಚ್ಯಾವ ಅಷ್ಟ ನನ್ನವ್ವಾ, ಬ್ಯಾರೆ ಏನೂ ಆಗಿಲ್ಲ. ಕೈ ಸಡ್ಲ ಬಿಡು” ಎಂದಳು. ಕೈ ಸಡಿಲವಾಗಲಿಲ್ಲ, ನಡುಕಕ್ಕೆ ಒಂದು ಬಳೆಯೂ ಏರಲಿಲ್ಲ. ಕೊನೆಗೆ ಯಮನೂರಪ್ಪನೇ ಎದ್ದು ಕುಳಿತು ಅವಳ ಮೊಣಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಮೆಹರಬಾನು ಒಂದೊಂದಾಗಿ ಬಳೆ ಏರಿಸಿದಳು. ಅಮರಮ್ಮ ಬಳೆಗಳನ್ನು ನೋಡಲಿಲ್ಲ. ಒದ್ದೆ ಅಂಗಿಯೊಳಗೆ ಗಂಡನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕುಳಿತಿದ್ದಳು.